ಬಾಲು ಹಾಡದ ಹಾಡು: ಗಡಿಯ ಕೇಳುಗರ ಸ್ಮರಣೆಯನ್ನು ಓದುವ ಬಗೆ

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 2020ರ ಸೆಪ್ಟೆಂಬರ್ 25ರಂದು ಚೆನ್ನೈನಲ್ಲಿ ತೀರಿಕೊಂಡ ಮೇಲೆ ಕನ್ನಡದಲ್ಲಿ ಬಂದ ಸ್ಮರಣ ಬರಹಗಳಿಗೆ ಹೆಚ್ಚುಕಡಿಮೆ ಒಂದೇ ವಿನ್ಯಾಸವಿದೆ. ಮೊದಲಿಗೆ ಹಾಡುಗಳ ಸಂಖ್ಯೆ, ಅನಂತರ ಪ್ರಶಸ್ತಿಗಳು, ಅದರ ಬೆನ್ನಿಗೆ ಉಚ್ಚಾರಣೆಯ ಪ್ರಶಂಸೆ, ಕೊನೆಯಲ್ಲಿ ಮುಂದಿನ ಜನ್ಮವಿದ್ದರೆ ಕನ್ನಡನಾಡಿನಲ್ಲಿ ಹುಟ್ಟಬೇಕೆಂದು ಅವರು ಹೇಳಿಕೊಂಡ ಆಸೆ. ಈ ಬರಹಗಳ ಹಿಂದಿರುವ ಪ್ರೀತಿಯನ್ನು ಅನುಮಾನಿಸಬೇಕಾಗಿಲ್ಲ. ಆದರೆ ಅವುಗಳ ಮೂರನೆಯ ಅಂಶ, ಅಂದರೆ ತೆಲುಗಿನವರಾಗಿಯೂ ಅಚ್ಚ ಕನ್ನಡದಲ್ಲಿ ಹಾಡಿದರೆಂಬ ಮೆಚ್ಚುಗೆ, ಆದೋನಿ ಸೀಮೆಯಲ್ಲಿ ನಿಂತು ಓದುವವರಿಗೆ ಬೇರೆಯೇ ಅರ್ಥವನ್ನು ಕೊಡುತ್ತದೆ. ಆ ಅರ್ಥವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಗಲಿದ ಗಾಯಕನನ್ನು ಅಭಿಮಾನಿಗಳು ನೆನೆಯುವ ಕ್ರಮ ಎಲ್ಲೆಡೆ ಒಂದೇ ಅಲ್ಲ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ದನಿ ಮತ್ತು ದೇಹ ಒಂದೇ ವೇದಿಕೆಯ ಮೇಲೆ ಇರುತ್ತವೆ. ಪಂಚಗಣಿಯಲ್ಲಿ ಶಾಲೆ ಕಲಿತ ಫ್ರೆಡ್ಡಿ ಮರ್ಕ್ಯುರಿ 1985ರ ಜುಲೈ 13ರಂದು ವೆಂಬ್ಲಿಯಲ್ಲಿ ಹಾಡಿದ್ದನ್ನು ನೆನೆಯುವವರಿಗೆ ‘ನಾನು ಅಲ್ಲಿದ್ದೆ’ ಎನ್ನುವುದೇ ಅತ್ಯುನ್ನತ ಸಾಕ್ಷ್ಯ. ಹಿನ್ನೆಲೆ ಗಾಯಕನ ಅಭಿಮಾನಿಗೆ ಈ ಸಾಕ್ಷ್ಯ ಸಾಮಾನ್ಯವಾಗಿ ಲಭ್ಯವಿಲ್ಲ. ಅವನು ಹೇಳಬಲ್ಲದ್ದು ‘ನಾನು ಇಲ್ಲಿ ಕೇಳಿದೆ’ ಎಂದು ಮಾತ್ರ. ಕನ್ನಡದ ಯುವಜನರಿಗೆ ರಾಕ್ ಗಾಯಕನೆಂಬ ಕಲ್ಪನೆಯನ್ನು ಸಮೀಪಕ್ಕೆ ತಂದ ಚಿತ್ರಗಳಲ್ಲಿ ಒಂದಾದ ‘ಗೀತಾ’ವನ್ನೇ (1981) ತೆಗೆದುಕೊಳ್ಳಬಹುದು. ಅಲ್ಲಿ ಕಾಣುವ ದೇಹ ಶಂಕರ್ ನಾಗ್ ಅವರದು, ಕೇಳುವ ದನಿ ಬಾಲು ಅವರದು, ರಾಗಸಂಯೋಜನೆ ಇಳಯರಾಜಾ ಅವರದು. ನೆನಪು ಈ ಮೂವರಲ್ಲಿ ಯಾರಿಗೆ ಸಲ್ಲಬೇಕೆಂಬುದು ಮೊದಲೇ ನಿಶ್ಚಿತವಾಗಿಲ್ಲ. ಹಿನ್ನೆಲೆ ಗಾಯನದ ಸ್ಮರಣೆಯಲ್ಲಿ ದನಿಯೊಂದು ಮತ್ತೊಬ್ಬರ ಹೆಸರಿಗೆ ಸಂದುಹೋಗುವ ಸಾಧ್ಯತೆ ಆ ಕಲೆಯ ರಚನೆಯಲ್ಲಿಯೇ ಇದೆ.

ಇದು ಆದೋನಿ ಸೀಮೆಯಲ್ಲಿ ಇನ್ನಷ್ಟು ಜಟಿಲವಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸಂದವು. ಬಳ್ಳಾರಿ ಮೈಸೂರನ್ನು ಸೇರಿತು. ಮಾಧವರಂ ಇರುವುದು ಮಂತ್ರಾಲಯದಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ಈಚೆ ದಡದಲ್ಲಿ. ಸೇತುವೆ ದಾಟಿದರೆ ಕರ್ನಾಟಕ. ಭೂಪಟದ ಗೆರೆ ರೇಡಿಯೋ ಅಲೆಗಳನ್ನು ತಡೆಯಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಸಂಜೆಯಲ್ಲಿ, ಒಂದೇ ಕಂಠ ಎರಡು ಭಾಷೆಗಳಲ್ಲಿ ಕೇಳಿಸಿತು. ಬೆಂಗಳೂರಿನ ಕೇಳುಗರಿಗೆ ಬಾಲು ಅನ್ಯಭಾಷೆಯಿಂದ ಬಂದ ಅತಿಥಿ. ಹೈದರಾಬಾದಿನ ಕೇಳುಗರಿಗೆ ಬೇರೆ ನಾಡುಗಳಲ್ಲೂ ಕೀರ್ತಿ ಗಳಿಸಿದ ಮನೆಮಗ. ಮಾಧವರಂನ ಕೇಳುಗರಿಗೆ ಅವರು ಇವೆರಡೂ ಅಲ್ಲ.

ಕ್ಷೇತ್ರಕಾರ್ಯದ ಒಂದು ಪ್ರಸಂಗವನ್ನು ಇಲ್ಲಿ ದಾಖಲಿಸುವುದು ಅಗತ್ಯ. ಅದರಲ್ಲಿ ತಪ್ಪಿದ್ದು ನಾನು. ಮಾಧವರಂನ ಹಿರಿಯರೊಬ್ಬರನ್ನು ಬಾಲು ಅವರ ಕನ್ನಡ ಹಾಡುಗಳಲ್ಲಿ ಅವರಿಗೆ ಪ್ರಿಯವಾದುದು ಯಾವುದೆಂದು ಕೇಳಿದೆ. ಅವರು ಕಣ್ಣು ಮುಚ್ಚಿ ‘ಎರಡು ಕನಸು’ ಚಿತ್ರದ ಯುಗಳಗೀತೆಯೊಂದನ್ನು ಹಾಡತೊಡಗಿದರು. ಪಲ್ಲವಿ ಕನ್ನಡದಲ್ಲಿತ್ತು. ಚರಣಕ್ಕೆ ಬರುವಷ್ಟರಲ್ಲಿ ಮಾತುಗಳು ತೆಲುಗಾಗಿದ್ದವು, ಧಾಟಿ ಮಾತ್ರ ಎಲ್ಲಿಯೂ ತುಂಡಾಗಲಿಲ್ಲ. ಹಾಡು ಮುಗಿಯುವ ಮುನ್ನವೇ ನಾನು, ಅದನ್ನು ಕನ್ನಡದಲ್ಲಿ ಹಾಡಿದವರು ಬಾಲು ಅಲ್ಲ, ಪಿ.ಬಿ. ಶ್ರೀನಿವಾಸ್ ಎಂದೆ. ಅವರು ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ, ‘ನಮ್ದು ಬೆರಕಿ ಕನ್ನಡ ಸರ್, ನಿಮ್ಗ ತಪ್ಪಾಗೇ ಕೇಳಸ್ತೈತಿ’ ಎಂದರು. ಅಂದು ಅವರು ಮತ್ತೆ ಹಾಡಲಿಲ್ಲ.

ನನ್ನ ತಿದ್ದುಪಡಿ ವಾಸ್ತವವಾಗಿ ಸರಿ. 1974ರ ‘ಎರಡು ಕನಸು’ ಚಿತ್ರಕ್ಕಾಗಿ ರಾಜನ್–ನಾಗೇಂದ್ರ ಸಂಯೋಜಿಸಿದ ಆ ಯುಗಳಗೀತೆಯನ್ನು ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ್ದರು. ಮರುವರ್ಷ ಅದೇ ಸಂಗೀತ ನಿರ್ದೇಶಕರು ತೆಲುಗಿನ ‘ಪೂಜಾ’ ಚಿತ್ರದಲ್ಲಿ ಅದೇ ಧಾಟಿಯನ್ನು ಬಳಸಿದರು. ಅಲ್ಲಿ ವಾಣಿ ಜಯರಾಂ ಅವರ ಜೊತೆಗೆ ಹಾಡಿದವರು ಬಾಲು. ಧಾಟಿ ಒಂದು, ಹೆಣ್ಣುದನಿ ಒಂದು, ಬದಲಾದದ್ದು ಭಾಷೆ ಮತ್ತು ಗಂಡುದನಿ. ಹೀಗಿರುವಾಗ ಆ ಹಿರಿಯರ ನೆನಪು ಮಾಡಿದ್ದೇನು? ಎರಡು ಧ್ವನಿಮುದ್ರಣಗಳನ್ನು ಕೂಡಿಸಿ, ಎಲ್ಲಿಯೂ ಮುದ್ರಣಗೊಳ್ಳದ ಮೂರನೆಯ ಹಾಡೊಂದನ್ನು ಕಟ್ಟಿಕೊಂಡಿತು. ಬಾಲು ಹಾಡದ ಆ ಕನ್ನಡ ಹಾಡು ಅವರ ಪಾಲಿಗೆ ಬಾಲು ಅವರ ಅತ್ಯುತ್ತಮ ಕನ್ನಡ ಹಾಡು. ಸ್ಮರಣೆಯನ್ನು ದಾಖಲೆಯೆಂದು ಮಾತ್ರ ಓದಿದರೆ ಇದು ದೋಷ. ದ್ವಿಭಾಷಿಕ ಬದುಕಿನ ಪಠ್ಯವೆಂದು ಓದಿದರೆ, ಎರಡು ಭಾಷೆಗಳು ಒಬ್ಬ ಕೇಳುಗನೊಳಗೆ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಸಿಗುವುದು ಕಷ್ಟ.

ಇನ್ನು ಉಚ್ಚಾರಣೆಯ ಪ್ರಶಂಸೆಗೆ ಮರಳೋಣ. ಅಚ್ಚ ಕನ್ನಡ ಎಂಬ ಮೆಚ್ಚುಗೆ ಗಾಯಕನನ್ನು ಹೊಗಳುವುದರ ಜೊತೆಗೆ ಕೇಳುಗರನ್ನು ಅಳೆಯುತ್ತದೆ. ತೆಲುಗು ಮನೆಮಾತಿನವರೊಬ್ಬರು ಇಷ್ಟು ಶುದ್ಧವಾಗಿ ನುಡಿಯಬಲ್ಲರಾದರೆ, ಕನ್ನಡವೇ ಮನೆಮಾತಾದ ನಿಮಗೇನಾಗಿದೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಆ ಹಿರಿಯರು ಕ್ಷಮೆ ಕೇಳುವ ದನಿಯಲ್ಲಿ ‘ಬೆರಕಿ’ ಎಂದದ್ದು ಈ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ಆದರೆ ಬಾಲು ಅವರ ಕಲೆಯನ್ನೇ ಸೂಕ್ಷ್ಮವಾಗಿ ನೋಡಿದರೆ ಶುದ್ಧತೆಯ ವಾದಕ್ಕೆ ಅಲ್ಲಿ ಆಧಾರ ದೊರೆಯುವುದಿಲ್ಲ. 1967ರ ‘ನಕ್ಕರೆ ಅದೇ ಸ್ವರ್ಗ’ದಿಂದ ಮೊದಲುಗೊಂಡು ದಶಕಗಳ ಕಾಲ ಕನ್ನಡದಲ್ಲಿ ಹಾಡಿದ ಈ ಗಾಯಕ, ಹಾಡುಗಳ ಸಾಹಿತ್ಯವನ್ನು ತೆಲುಗು ಲಿಪಿಯಲ್ಲಿ ಬರೆದುಕೊಳ್ಳುವ ರೂಢಿಯವರು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಳಕಾರವಿರಲಿ, ಎ–ಏ, ಒ–ಓಗಳ ಹ್ರಸ್ವದೀರ್ಘ ಭೇದವಿರಲಿ, ಒಂದರಲ್ಲಿ ಬರೆದದ್ದನ್ನು ಇನ್ನೊಂದು ಕಳೆಯದೆ ಕಾಪಾಡುತ್ತದೆ. ನಾವು ಅಚ್ಚ ಕನ್ನಡವೆಂದು ಕೊಂಡಾಡಿದ್ದು ತೆಲುಗು ಅಕ್ಷರಗಳ ಮೇಲಿಂದ ಹಾಯ್ದು ಬಂದ ಕನ್ನಡ. ಕನ್ನಡ ಚಿತ್ರವೊಂದಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ (1995) ಚಿತ್ರದ ಗೀತೆಯ ಸಾಹಿತ್ಯವೂ ಕನ್ನಡವಲ್ಲ. ಅದು ಹಿಂದೂಸ್ತಾನಿ ಪರಂಪರೆಯ ಹಿಂದಿ ರಚನೆ. ಬೆರಕೆ ಅವರ ಸಾಧನೆಗೆ ಅಡ್ಡಿಯಾಗಲಿಲ್ಲ, ಸಾಧನವಾಯಿತು. ಅವರಲ್ಲಿ ಗುಣವೆನಿಸಿದ್ದು ಮಾಧವರಂನ ಹಿರಿಯರಲ್ಲಿ ಕೊರತೆಯೆನಿಸುವುದಾದರೆ, ನಮ್ಮ ಅಳತೆಗೋಲನ್ನೇ ಪರೀಕ್ಷಿಸಬೇಕಾಗಿದೆ.

ಇದಕ್ಕೆ ಒಂದು ಆಕ್ಷೇಪ ಸಾಧ್ಯ. ತಪ್ಪು ನೆನಪನ್ನು ಗೌರವಿಸಹೊರಟರೆ ಪಿ.ಬಿ. ಶ್ರೀನಿವಾಸ್ ಅವರಿಗೆ ಸಲ್ಲಬೇಕಾದದ್ದು ಸಲ್ಲದೆ ಹೋಗುವುದಿಲ್ಲವೇ? ಆಕ್ಷೇಪ ನ್ಯಾಯವಾದುದು. ಕಾಕಿನಾಡದಲ್ಲಿ ಹುಟ್ಟಿ, ವರ್ಷಾನುಗಟ್ಟಲೆ ರಾಜಕುಮಾರ್ ಅವರ ಹಾಡುವ ದನಿಯಾಗಿದ್ದ ಅವರೂ ಎರಡು ಭಾಷೆಗಳ ನಡುವೆಯೇ ಬಾಳಿದವರು. ಅವರ ಹೆಸರು ಅಳಿಸಬಾರದು. ಆದುದರಿಂದ ನೆನಪನ್ನು ದಾಖಲೆಯ ಜಾಗದಲ್ಲಿ ಕೂರಿಸಬೇಕೆಂಬುದು ನನ್ನ ವಾದವಲ್ಲ. ದಾಖಲೆಯ ಪಕ್ಕದಲ್ಲಿ ನೆನಪಿಗೂ ಒಂದು ಜಾಗ ಬೇಕು ಎಂಬುದಷ್ಟೇ ವಾದ. ಗಡಿಭಾಗದ ಕೇಳುಗರ ಸ್ಮರಣೆಯನ್ನು ಸಂಗ್ರಹಿಸುವಾಗ ಹಾಡಿದವರು ಯಾರು ಎಂಬ ಕಲಮಿನ ಜೊತೆಗೆ, ಯಾರು ಹಾಡಿದರೆಂದು ನೆನಪಿದೆ, ಯಾವ ಭಾಷೆಯಲ್ಲಿ ಆರಂಭಿಸಿ ಯಾವುದರಲ್ಲಿ ಮುಗಿಸಿದರು ಎಂಬ ಕಲಮುಗಳೂ ಇರಬೇಕು. ತಿದ್ದುಪಡಿಯ ಕೆಲಸವನ್ನು ಸಂಶೋಧಕರು ಆಮೇಲೆ, ತಮ್ಮ ಮೇಜಿನ ಬಳಿ ಮಾಡಿಕೊಳ್ಳಬಹುದು.

ಸೆಪ್ಟೆಂಬರ್ ತಿಂಗಳು ಮರಳಿದಾಗಲೆಲ್ಲ ಬಾಲು ಅವರನ್ನು ನೆನೆಯುವ ಕಾರ್ಯಕ್ರಮಗಳು ನಡೆಯುತ್ತವೆ, ಅದೇ ಸಂಖ್ಯೆ ಮತ್ತು ಅದೇ ಪ್ರಶಂಸೆಗಳು ಮರುಕಳಿಸುತ್ತವೆ. ಆ ಹಿರಿಯರ ಚರಣ ತೆಲುಗಿನಲ್ಲಿ ಮುಗಿದು, ಪಲ್ಲವಿಗಾಗಿ ಕನ್ನಡಕ್ಕೆ ಮರಳುತ್ತಿತ್ತೋ ಇಲ್ಲವೋ ಎಂಬುದು ಮಾತ್ರ ನನ್ನ ಟಿಪ್ಪಣಿ ಪುಸ್ತಕದಲ್ಲಿಲ್ಲ. ಅವರನ್ನು ಹಾಡಿ ಮುಗಿಸಲು ಬಿಟ್ಟಿದ್ದರೆ ಅದು ಇರುತ್ತಿತ್ತು.