ಹಂಚಲಾಗದ ಆಸ್ತಿ: ಕಲಾವಿದನ ಮಕ್ಕಳ ವ್ಯಾಜ್ಯವನ್ನು ಕುರಿತು

ತಂದೆಯ ಹೊಲವನ್ನು ಬದು ಹಾಕಿ ಹಂಚಿಕೊಳ್ಳಬಹುದು. ಮನೆಯ ನಡುವೆ ಗೋಡೆ ಎಬ್ಬಿಸಬಹುದು. ತಾಯಿಯ ಬಂಗಾರವನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಆದರೆ ತಂದೆ ರಚಿಸಿದ ಕಾವ್ಯದ ಹಕ್ಕನ್ನು, ತಾಯಿ ಬಿಡಿಸಿದ ಚಿತ್ರದ ಮೇಲಣ ಹಕ್ಕನ್ನು ಮೂವರು ಮಕ್ಕಳು ಹೇಗೆ ಪಾಲು ಮಾಡಿಕೊಳ್ಳಬೇಕು? ಮೊದಲ ಆಶ್ವಾಸ ಹಿರಿಯನಿಗೆ, ಎರಡನೆಯದು ಕಿರಿಯನಿಗೆ ಎಂದು ವಿಭಾಗಿಸಲಾದೀತೆ? ಮೇಲ್ನೋಟಕ್ಕೆ ನಗೆ ತರಿಸುವ ಈ ಪ್ರಶ್ನೆಯೇ ನ್ಯಾಯಾಲಯದ ಮೆಟ್ಟಿಲೇರಿದಾಗ ಒಡಹುಟ್ಟಿದವರ ನಡುವಣ ಮಾತನ್ನು ನಿಲ್ಲಿಸಿಬಿಡುತ್ತದೆ. ಇಂಥ ಸುದ್ದಿ ಕಿವಿಗೆ ಬಿದ್ದೊಡನೆ ‘ಮಕ್ಕಳ ದುರಾಸೆ’ ಎಂದು ತೀರ್ಪು ಕೊಡುವುದು ನಮ್ಮ ವಾಡಿಕೆ. ಆ ತೀರ್ಪು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜಗತ್ಪ್ರಸಿದ್ಧವಾದ ಒಂದು ನಿದರ್ಶನವನ್ನು ಎತ್ತಿಕೊಳ್ಳೋಣ. ಚಿತ್ರಕಾರ ಪಾಬ್ಲೋ ಪಿಕಾಸೋ 1973ರ ಏಪ್ರಿಲ್ 8ರಂದು ಫ್ರಾನ್ಸಿನಲ್ಲಿ ತೀರಿಕೊಂಡಾಗ ಆತನಿಗೆ 91 ವರ್ಷ. ಆತ ಉಯಿಲು ಬರೆದಿರಲಿಲ್ಲ. ಬಿಟ್ಟುಹೋದದ್ದು 1,885 ವರ್ಣಚಿತ್ರಗಳು, 1,228 ಶಿಲ್ಪಗಳು, ಏಳು ಸಾವಿರಕ್ಕೂ ಮಿಕ್ಕ ರೇಖಾಚಿತ್ರಗಳು ಮತ್ತು ಸಹಸ್ರಾರು ಮುದ್ರಣಚಿತ್ರಗಳು. ಉಳಿದ ವಾರಸುದಾರರೆಂದರೆ ಪತ್ನಿ ಜಾಕ್ಲಿನ್, ವಿವಾಹಿತ ಪತ್ನಿಯಲ್ಲಿ ಹುಟ್ಟಿದ ಪೌಲೋ, ವಿವಾಹದ ಹೊರಗೆ ಹುಟ್ಟಿದ ಮಾಯಾ, ಕ್ಲೋಡ್ ಮತ್ತು ಪಲೋಮಾ. 1975ರಲ್ಲಿ ಪೌಲೋ ಮೃತನಾದ ಮೇಲೆ ಆತನ ಮಕ್ಕಳಾದ ಮರೀನಾ ಮತ್ತು ಬರ್ನಾರ್ಡ್ ಆ ಸ್ಥಾನಕ್ಕೆ ಬಂದರು.

ಈ ಜಗಳದ ಮೊದಲ ಅಧ್ಯಾಯವನ್ನು ದುರಾಸೆಯೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ವಿವಾಹದ ಹೊರಗೆ ಹುಟ್ಟಿದವರಿಗೆ ತಂದೆಯ ಆಸ್ತಿಯಲ್ಲಿ ಹಾದಿ ತೆರೆದ ಕಾನೂನು ಫ್ರಾನ್ಸಿನಲ್ಲಿ ಜಾರಿಗೆ ಬಂದದ್ದು 1972ರಲ್ಲಿ. ಕ್ಲೋಡ್ ಮತ್ತು ಪಲೋಮಾ ಪಿಕಾಸೋನ ಮಕ್ಕಳೆಂದು ನ್ಯಾಯಾಲಯ ಒಪ್ಪಿಕೊಂಡದ್ದು 1974ರಲ್ಲಿ, ತಂದೆ ಸತ್ತ ಮರುವರ್ಷ. ಅವರು ಮೊದಲು ಬೇಡಿದ್ದು ಹಣಕ್ಕಿಂತ ಹೆಚ್ಚಾಗಿ ‘ನೀನು ಇವನ ಮಗ, ನೀನು ಇವನ ಮಗಳು’ ಎಂಬ ಮಾತನ್ನು. ತಂದೆ ಬಾಯಿಬಿಟ್ಟು ಹೇಳಬೇಕಾಗಿದ್ದುದನ್ನು ನ್ಯಾಯಾಧೀಶರು ಹೇಳಬೇಕಾಯಿತು.

ವಿಭಾಗ ಮುಗಿಯಲು ಸುಮಾರು ಆರು ವರ್ಷ ಹಿಡಿಯಿತು. ಉತ್ತರಾಧಿಕಾರದ ತೆರಿಗೆಯನ್ನು ಹಣದ ಬದಲು ಕಲಾಕೃತಿಗಳ ರೂಪದಲ್ಲಿ ಸಲ್ಲಿಸಲು ಆ ದೇಶದ 1968ರ ಕಾನೂನು ಅವಕಾಶ ಕೊಟ್ಟಿತ್ತು. ಹೀಗೆ ಸರ್ಕಾರಕ್ಕೆ ಸಂದ 203 ವರ್ಣಚಿತ್ರಗಳು ಮತ್ತು 158 ಶಿಲ್ಪಗಳೇ ಮೊದಲಾದ ಕೃತಿಗಳಿಂದ 1985ರಲ್ಲಿ ಪ್ಯಾರಿಸ್ಸಿನ ಪಿಕಾಸೋ ಸಂಗ್ರಹಾಲಯ ಬಾಗಿಲು ತೆರೆಯಿತು. ಕುಟುಂಬದ ಕಲಹದ ನಡುವೆಯೂ ಲೋಕಕ್ಕೆ ಇಷ್ಟು ಉಪಕಾರವಾಯಿತೆಂಬುದನ್ನು ಮರೆಯಬಾರದು.

ಆದರೆ ಹಂಚಿದ್ದು ಚಿತ್ರಗಳನ್ನು ಮಾತ್ರ. ಕೃತಿಸ್ವಾಮ್ಯ ಎಲ್ಲರ ಕೂಡುಹಕ್ಕಾಗಿಯೇ ಉಳಿಯಿತು. ಚಿತ್ರದ ಒಡೆತನ ಬೇರೆ, ಅದರ ಪ್ರತಿಗಳನ್ನು ಅಚ್ಚುಹಾಕಿಸುವ ಹಕ್ಕು ಬೇರೆ. ಗೋಡೆಯ ಮೇಲಿನ ಚಿತ್ರವನ್ನು ಮಾರಿದವನು ಆ ಹಕ್ಕನ್ನೂ ಮಾರಿದಂತಾಗುವುದಿಲ್ಲ. ಕೂಡುಹಕ್ಕಿಗೆ ಒಬ್ಬ ಯಜಮಾನ ಬೇಕೆಂದು ನ್ಯಾಯಾಲಯ 1989ರಲ್ಲಿ ಕ್ಲೋಡ್‌ನನ್ನು ಆಡಳಿತಗಾರನನ್ನಾಗಿ ನೇಮಿಸಿತು. ಇದರಿಂದ ಪರವಾನಗಿಗಳಿಗೆ ಒಂದು ಶಿಸ್ತು ಬಂದಿತು. ಜೊತೆಗೇ ಹೊಸ ಮನಸ್ತಾಪವೂ ಹುಟ್ಟಿತು. ಪಿಕಾಸೋನ ಹೆಸರನ್ನೂ ಸಹಿಯನ್ನೂ ಒಂದು ಮೋಟಾರು ಕಾರಿಗೆ ಕೊಡಲು ಒಪ್ಪಂದವಾಗಿ, 1999ರಲ್ಲಿ ಆ ಕಾರು ಮಾರುಕಟ್ಟೆಗೆ ಬಂದಿತು. ಮೊಮ್ಮಗಳು ಮರೀನಾ ಇದನ್ನು ಬಹಿರಂಗವಾಗಿ ವಿರೋಧಿಸಿದಳು. ಚಿತ್ರಗಳ ಸಾಚಾತನವನ್ನು ದೃಢೀಕರಿಸುವ ಪತ್ರಗಳನ್ನು ಮಾಯಾ ಮತ್ತು ಕ್ಲೋಡ್ ಬೇರೆ ಬೇರೆಯಾಗಿ ನೀಡುತ್ತಿದ್ದರು. 2012ರಲ್ಲಿ ಕ್ಲೋಡ್‌ನ ಪತ್ರವೇ ಪ್ರಮಾಣವೆಂದು ನಾಲ್ವರು ವಾರಸುದಾರರು ಪ್ರಕಟಿಸಿದಾಗ ಅದರಲ್ಲಿ ಮಾಯಾಳ ಸಹಿ ಇರಲಿಲ್ಲ. ಮಾಯಾ 2022ರಲ್ಲಿ, ಕ್ಲೋಡ್ 2023ರಲ್ಲಿ ತೀರಿಕೊಂಡರು. ಆಡಳಿತ ಪಲೋಮಾಳ ಕೈಗೆ ಬಂದಿತು. ಫ್ರಾನ್ಸಿನಲ್ಲಿ ಈ ಹಕ್ಕಿನ ಅವಧಿ 2043ರ ಕೊನೆಯವರೆಗೂ ಇದೆ.

ಈ ಇತಿಹಾಸದಲ್ಲಿ ಎದ್ದು ಕಾಣುವ ದೋಷಗಳು ಎರಡು. ಮೊದಲನೆಯದು ತಂದೆಯದು. ಸಹಸ್ರಾರು ಕೃತಿಗಳನ್ನು ಸೃಷ್ಟಿಸಿದವನು ಅವುಗಳ ಗತಿಯೇನೆಂದು ಒಂದು ಹಾಳೆಯಲ್ಲಿ ಬರೆದಿಡಲಿಲ್ಲ. ಎರಡನೆಯದು, ಆದಾಯದ ಪಾಲನ್ನೂ ನಿರ್ಧಾರದ ಅಧಿಕಾರವನ್ನೂ ಒಂದೆಂದು ಭಾವಿಸಿದ್ದು. ಹಣವನ್ನು ಐದು ಭಾಗ ಮಾಡಬಹುದು. ಆದರೆ ‘ಈ ಹೆಸರನ್ನು ಕಾರಿಗೆ ಕೊಡಬಹುದೆ?’ ಎಂಬ ಪ್ರಶ್ನೆಗೆ ಐದು ಉತ್ತರಗಳಿದ್ದರೆ ನಡೆಯದು. ಅದು ಲೆಕ್ಕದ ಪ್ರಶ್ನೆಯಲ್ಲ, ಔಚಿತ್ಯದ ಪ್ರಶ್ನೆ.

ನಮ್ಮ ದೇಶದ ಸ್ಥಿತಿಯನ್ನೂ ವಾಚಕರು ಗಮನಿಸಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಗ್ರಂಥ, ಸಂಗೀತರಚನೆ, ಚಿತ್ರಗಳ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ. ಮೊದಲು 50 ಇದ್ದುದನ್ನು 1992ರಲ್ಲಿ ವಿಸ್ತರಿಸಲು ಪ್ರೇರಣೆಯಾದದ್ದು ರವೀಂದ್ರನಾಥ ಠಾಕೂರರ ಕೃತಿಗಳು. ಅವುಗಳ ಹಕ್ಕು ವಿಶ್ವಭಾರತಿಯಲ್ಲಿತ್ತು, 2001ರ ಕೊನೆಗೆ ಮುಗಿಯಿತು. ಉಯಿಲಿಲ್ಲದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಗೆ ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಸಮಭಾಗಿಗಳು. ಕೃತಿಸ್ವಾಮ್ಯವೂ ಅಂಥ ಆಸ್ತಿಯೇ. ಮದುವೆಯಾಗಿ ಹೋದ ಮಗಳಿಗೆ ತಂದೆಯ ಪುಸ್ತಕದಲ್ಲಿ ಏನು ಕೆಲಸ ಎನ್ನುವ ಅಣ್ಣಂದಿರು ಕಾನೂನಿಗೂ ನ್ಯಾಯಕ್ಕೂ ಹೊರಗಾಗುತ್ತಾರೆ. ಆಕೆಗೆ ಸಲ್ಲಬೇಕಾದುದನ್ನು ತಡೆಹಿಡಿಯುವುದು ಅಚೌರ್ಯ ವ್ರತಕ್ಕೆ ಒಪ್ಪುವ ನಡತೆಯೇ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ.

ಬಸದಿಯ ವಿಶ್ವಸ್ತ ಮಂಡಳಿಗಳಿಗೂ ಇಲ್ಲೊಂದು ಪಾಠವಿದೆ. ವಿದ್ವಾಂಸರೊಬ್ಬರು ಬರೆದುಕೊಟ್ಟ ಸ್ಥಳಪುರಾಣವನ್ನೋ ಪೂಜಾಸಂಗ್ರಹವನ್ನೋ ಮಂಡಳಿ ಅಚ್ಚುಹಾಕಿಸುತ್ತದೆ. ಬಾಯಿಮಾತಿನ ಹೊರತು ಬೇರೆ ಆಧಾರವಿರುವುದಿಲ್ಲ. ಹಕ್ಕಿನ ವರ್ಗಾವಣೆ ಸಹಿಮಾಡಿದ ಬರೆಹದಲ್ಲಿರಬೇಕು. ಅದರಲ್ಲಿ ಅವಧಿಯನ್ನು ಕಾಣಿಸದಿದ್ದರೆ ಐದೇ ವರ್ಷವೆಂದು ಕಾನೂನು ಭಾವಿಸುತ್ತದೆ. ಎರಡನೆಯ ಮುದ್ರಣದ ವೇಳೆಗೆ ಕರ್ತೃ ಇಲ್ಲವಾಗಿ, ಒಬ್ಬ ಮಗ ಒಪ್ಪಿ ಇನ್ನೊಬ್ಬ ಒಪ್ಪದೆ ಹೋದರೆ ಒಂದು ಉಪಯುಕ್ತ ಗ್ರಂಥ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನಲ್ಲಿ ಇದಕ್ಕಿಂತ ಹೆಚ್ಚಿನ ವಿಷಾದ ಯಾವುದಿದೆ?

ಹಾಗಾದರೆ ಉಯಿಲೊಂದಿದ್ದರೆ ಸಾಕೆ? ಸಾಲದು. ಆದಿದೇವನು ರಾಜ್ಯವನ್ನು ಮಕ್ಕಳಿಗೆ ಸ್ಪಷ್ಟವಾಗಿ ಹಂಚಿಕೊಟ್ಟೇ ತಪಸ್ಸಿಗೆ ತೆರಳಿದನು. ಆದರೂ ಭರತ ಬಾಹುಬಲಿಗಳು ಎದುರುಬದುರಾಗಿ ನಿಂತರು. ಪತ್ರವು ಪಾಲನ್ನು ಗೊತ್ತುಮಾಡಬಲ್ಲುದು, ಮನಸ್ಸನ್ನಲ್ಲ. ಅದೇ ಪುರಾಣದ ಇನ್ನೊಂದು ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ತಂದೆ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿಕೊಟ್ಟನು. ನೆಲಕ್ಕಾಗಿ ಅಣ್ಣತಮ್ಮಂದಿರು ಹೋರಾಡಿದರು. ಅಕ್ಷರಕ್ಕಾಗಿ, ಅಂಕೆಗಾಗಿ ಅಕ್ಕತಂಗಿಯರು ಹೋರಾಡಲಿಲ್ಲ. ಕೊಟ್ಟಷ್ಟೂ ಸವೆಯದ ವಸ್ತುವಿಗೆ ಬೇಲಿ ಬೇಕಾಗಲಿಲ್ಲ. ಕಲಾವಿದನ ಕೃತಿ ಈ ಎರಡನೆಯ ಜಾತಿಯ ಸಂಪತ್ತು, ಅದನ್ನು ನಾವು ಮೊದಲನೆಯ ಜಾತಿಯದೆಂದು ಎಣಿಸಿ ಕೆಡುತ್ತೇವೆ.

ಹಾಗೆಂದು ಮಕ್ಕಳು ಗೌರವಧನವನ್ನು ಮುಟ್ಟಬಾರದೆಂದು ಹೇಳುವುದು ಅತಿರೇಕವಾದೀತು. ಬಡ ಲೇಖಕನ ಮನೆಯಲ್ಲಿ ಆ ಅಲ್ಪ ಹಣವೇ ವಿಧವೆಯ ಆಸರೆ. ಹಣವು ಪರಿಗ್ರಹವಲ್ಲ, ಅದರ ಮೇಲಣ ಮೋಹ ಪರಿಗ್ರಹ. ಆದ್ದರಿಂದ ಕಲಾವಿದರಾದ ತಂದೆತಾಯಿಗಳು ಬದುಕಿರುವಾಗಲೇ ಮಕ್ಕಳೆಲ್ಲರನ್ನೂ ಕೂಡಿಸಿ ಮಾತಾಡಲಿ. ಕೃತಿಗಳ ಪಟ್ಟಿಯನ್ನೂ ಆಗಿರುವ ಕರಾರುಗಳನ್ನೂ ಒಂದೆಡೆ ಇಡಲಿ. ನಿರ್ಧಾರ ಯಾರದು, ಆದಾಯ ಯಾರಿಗೆ, ಯಾವುದಕ್ಕೆ ಹೆಸರನ್ನು ಕೊಡಬಾರದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಲಿ. ಆಡಳಿತ ವಹಿಸಿಕೊಂಡವನು ವರ್ಷಕ್ಕೊಮ್ಮೆ ಒಡಹುಟ್ಟಿದವರ ಮುಂದೆ ಲೆಕ್ಕ ಇಡಲಿ. ಬೇಕೆಂದಿದ್ದರೆ ಕರ್ತೃವು ತನ್ನ ಹಕ್ಕನ್ನು ಲೋಕಕ್ಕೇ ಬಿಟ್ಟುಕೊಡಲೂ ನಮ್ಮ ಕಾನೂನಿನಲ್ಲಿ ದಾರಿಯಿದೆ.

60 ವರ್ಷ ಕಳೆದ ಮೇಲೆ ಆ ಕೃತಿ ಹೇಗೂ ಎಲ್ಲರದಾಗುತ್ತದೆ. ಆದರೆ ಆ ಹೊತ್ತಿಗೆ ಅಣ್ಣತಂಗಿಯರ ನಡುವಣ ಮಾತು ಮರಳಿ ಬರುವುದೆಂಬ ಭರವಸೆಯನ್ನು ಯಾವ ಅಧಿನಿಯಮವೂ ಕೊಡಲಾರದು.