ನಗುವಿಗೆ ಒಂದು ಕನ್ನಡ, ಅಳುವಿಗೆ ಇನ್ನೊಂದು

ಚಂದ್ರಾ ಲೇಔಟಿನಲ್ಲಿ ನಮ್ಮ ಬೀದಿಯವರದೊಂದು ವಾಟ್ಸಾಪ್ ಗುಂಪು ಇದೆ. ನಲ್ಲಿಯಲ್ಲಿ ನೀರು ಬಾರದ ಬೆಳಗಿನಲ್ಲಿ ಅದನ್ನು ತೆರೆದರೆ ಕರ್ನಾಟಕದ ಭೂಪಟವೇ ಬಿಚ್ಚಿಕೊಂಡಂತಾಗುತ್ತದೆ. ‘ಇನ್ನೂ ನೀರ ಬಂದಿಲ್ರಿ’ ಎಂದು ಹುಬ್ಬಳ್ಳಿಯವರು. ‘ನೀರು ಬರಲಿಲ್ಲ ಮಾರಾಯ್ರೆ, ಎಂತ ಮಾಡುವುದು?’ ಎಂದು ಮಂಗಳೂರಿನವರು. ‘ನೀರೇ ಬಂದಿಲ್ಲ ಕಣಣ್ಣ’ ಎಂದು ಮಂಡ್ಯದವರು. ಅಚ್ಚಿನ ಕನ್ನಡ ತಿದ್ದಿ ಸಮಮಾಡಿದ್ದ ಏರುತಗ್ಗುಗಳೆಲ್ಲ ಬೆರಳತುದಿಯ ಬರೆಹದಲ್ಲಿ ಮತ್ತೆ ತಲೆಯೆತ್ತಿವೆ. 1956ರಲ್ಲಿ ನಾಡು ಒಂದಾಯಿತು. ಅದರ ಆಡುಮಾತುಗಳು ದಿನವೂ ಹೀಗೆ ಒಂದೆಡೆ ಬರೆಹವಾಗಿ ಕೂಡುವಂತಾದದ್ದು ಈಚೆಗೆ. ಸಂತೋಷಪಡಬೇಕಾದ ಸಂಗತಿಯೇ.

ಆದರೆ ಬೀದಿಯ ಹಿರಿಯರೊಬ್ಬರು ತೀರಿಕೊಂಡ ದಿನ ಈ ಭೂಪಟ ಮಾಯವಾಯಿತು. ಮೂವರೂ ಬರೆದದ್ದು ಒಂದೇ ವಾಕ್ಯ: ‘ಮೃತರ ಆತ್ಮಕ್ಕೆ ಚಿರಶಾಂತಿ ದೊರಕಲಿ.’ ನೀರಿಗೆ ಒದಗಿದ ಮನೆಮಾತು ಸಾವಿಗೆ ಒದಗಲಿಲ್ಲವೇಕೆ?

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯವರು ಒಮ್ಮೆ ತಮ್ಮ ತಾಯಿಯ ಕಾಯಿಲೆಯ ವಿಷಯವನ್ನು ತಮ್ಮ ಮಾತಿನಲ್ಲೇ ತಿಳಿಸಿದಾಗ, ಬೆಂಗಳೂರಿನವರೊಬ್ಬರು ‘ನಿಮ್ಮ ಭಾಷೆ ಭಾಳ ಮಜಾ ಐತ್ರಿ’ ಎಂದು ಅಣಕಿಸಿ ಉತ್ತರಿಸಿದ್ದರು. ಅದರಲ್ಲಿ ಕೇಡಿನ ಉದ್ದೇಶವಿರಲಿಲ್ಲ. ಆದರೆ ಅಂದಿನಿಂದ ಅವರು ಮನಸ್ಸಿನ ಮಾತಿಗೆಲ್ಲ ಪಠ್ಯಪುಸ್ತಕದ ಕನ್ನಡವನ್ನೇ ತೊಡಿಸುತ್ತಾರೆ.

ಗಂಭೀರ ಸಂದರ್ಭಕ್ಕೆ ಗಂಭೀರ ಭಾಷೆ ಬೇಡವೇ ಎಂದು ಕೆಲವರು ಕೇಳಬಹುದು. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ತಿಳಿಯುವ ಬರೆಹವೊಂದು ಬೇಕೆಂಬುದು ನಿಜ. ಆದರೆ ಆಡುಮಾತಿಗೆ ಗಾಂಭೀರ್ಯವಿಲ್ಲವೆಂಬ ವಾದವನ್ನು ನಮ್ಮ ಸಾಹಿತ್ಯವೇ ಒಪ್ಪುವುದಿಲ್ಲ. ಮಗುವಿನ ಸಾವಿನ ಸಂಕಟವನ್ನು ಬೇಂದ್ರೆಯವರು ಧಾರವಾಡದ ಮಾತಿನಲ್ಲೇ ಹಾಡಿದರು. 1984ರಲ್ಲಿ ಬಂದ ‘ಕುಸುಮಬಾಲೆ’ಯಲ್ಲಿ ದೇವನೂರ ಮಹಾದೇವರು ನಂಜನಗೂಡಿನ ಕಡೆಯ ಮಾತಿಗೆ ಕೊಲೆಯ ಕಥೆಯ ಭಾರವನ್ನೇ ಹೊರಿಸಿದರು. ಪುಸ್ತಕದಲ್ಲಿ ಇವುಗಳಿಗೆ ತಲೆದೂಗುವ ನಾವು ನೆರೆಮನೆಯವರು ಹಾಗೆಯೇ ಬರೆದರೆ ನಗುತ್ತೇವೆ.

ಪ್ರಾದೇಶಿಕ ಬರೆಹ ಬೆಳೆಯುತ್ತಿದೆಯೆಂದು ಹೆಮ್ಮೆಪಡುವವರು ಇದನ್ನು ಗಮನಿಸಬೇಕು. ನಗೆಚಾಟಿಕೆಯಲ್ಲಷ್ಟೇ ಉಳಿದ ಮಾತು ಬದುಕಿದ್ದರೂ ಅರ್ಧ ಬದುಕಿದಂತೆ. ಹುಬ್ಬಳ್ಳಿಯವರು ಇನ್ನೊಮ್ಮೆ ದುಃಖ ಹೇಳಿಕೊಂಡಾಗ ನಾವು ಅವರ ‘ರೀ’ಕಾರಕ್ಕೆ ನಗದೆ, ಅವರ ತಾಯಿ ಹೇಗಿದ್ದಾರೆಂದು ವಿಚಾರಿಸಿದರೆ ಸಾಕು. ಮುಂದಿನ ಮಾತು ಅವರ ಮನೆಮಾತಿನಲ್ಲೇ ಬಂದೀತು.