ಪಟ ತೆಗೆದ ಮೇಲೆ

ಎಂಡೋಸಲ್ಫಾನ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ನಮ್ಮ ಗುಡ್ಡಗಳಲ್ಲ, ಗೇರುತೋಟಗಳೂ ಅಲ್ಲ. ಕೆಲವು ಮಕ್ಕಳ ಪಟಗಳು. ಕಾಸರಗೋಡಿನ ಪ್ಲಾಂಟೇಶನ್ ಕಾರ್ಪೊರೇಶನ್ ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ವರೆಗೆ, ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ವಿರೂಪವಾಗಿ ಹುಟ್ಟಿದ ಕರುಗಳ ಬಗ್ಗೆ ಶ್ರೀ ಪಡ್ರೆಯವರು 1979ರಲ್ಲೇ ಬರೆದರು. ಬರಹ ಮಾಡಲಾರದ್ದನ್ನು ಮುಂದೆ ಚಿತ್ರ ಮಾಡಿತು. 'ಮಾತೃಭೂಮಿ'ಯ ಛಾಯಾಗ್ರಾಹಕ ಮಧುರಾಜರ ಚಿತ್ರಗಳನ್ನು ಕಂಡು ಕೇರಳದ ಉದ್ದಕ್ಕೂ ಜನ ಬೆಚ್ಚಿದರು. ಆ ಋಣವನ್ನು ಒಪ್ಪಿಕೊಂಡೇ ನನ್ನ ತಕರಾರನ್ನು ಹೇಳಬೇಕಾಗಿದೆ.

ತಕರಾರು ಅನಂತರ ಬಂದವರ ಬಗ್ಗೆ. ಒಂದರ ಹಿಂದೊಂದಾಗಿ ಕ್ಯಾಮರಾಗಳು ಬಂದವು. ಪಟಗಳು ಮಾತ್ರ ಒಂದೇ ಅಚ್ಚಿನವು. ದೊಡ್ಡ ತಲೆ, ಸೊಟ್ಟಗಾದ ಕೈಕಾಲು, ಹಿಂದೆ ಖಾಲಿ ಗೋಡೆ. ಅಡಿಬರಹದಲ್ಲಿ ತುಳುವರೂ ಕನ್ನಡಿಗರೂ ಮಲಯಾಳಿಗಳೂ ಒಂದೇ ಹೆಸರಿನವರಾದರು: ಕನ್ನಡದಲ್ಲಿ ಸಂತ್ರಸ್ತರು, ಮಲಯಾಳದಲ್ಲಿ 'ಇರ'. ಈ ಎರಡನೆಯ ಪದಕ್ಕೆ ಬೇಟೆಗೆ ಸಿಕ್ಕ ಪ್ರಾಣಿ ಎಂಬ ಅರ್ಥವೂ ಇದೆ, ಗಾಳಕ್ಕೆ ಸಿಕ್ಕಿಸುವ ಎರೆ ಎಂಬ ಅರ್ಥವೂ ಇದೆ. ಎರಡು ಭಾಷೆ ಬಲ್ಲ ನಮಗೆ ಅದು ಚುಚ್ಚದೆ ಇರದು.

ಒಮ್ಮೆ ಪರಿಚಯದ ಮನೆಯೊಂದಕ್ಕೆ, ಪಿಂಚಣಿ ಅರ್ಜಿಗೆ ಅಂಟಿಸುವ ಪಟ ತೆಗೆಯಲೆಂದು ಹೋಗಿದ್ದೆ. ಕ್ಯಾಮರಾ ಕಂಡದ್ದೇ ತಡ, ತಾಯಿ ಮಗನ ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಅಂಗಿ ಇರಲಿ ಅಕ್ಕ" ಎಂದೆ.

"ಅಂಗಿ ಇದ್ದರೆ ಕಾಣುವುದಿಲ್ಲವಲ್ಲ ಮಾಸ್ಟ್ರೇ" ಎಂದರು.

ಬಂದವರೆಲ್ಲ ಅವರಿಗೆ ಕಲಿಸಿಹೋದ ಪಾಠ ಅದು.

ಇಂಥ ಚಿತ್ರಗಳನ್ನು ಅಳೆಯುವಾಗ ನನಗೆ ಜಪಾನಿನ ಮಿನಮಾತ ನೆನಪಾಗುತ್ತದೆ. ಅಲ್ಲಿ ಚಿಸ್ಸೋ ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಬಸಿರನ್ನೂ ತಲಪಿತ್ತು. ಹಾಗೆ ಹುಟ್ಟಿದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ಹಿಡಿದುಕೊಂಡಿರುವ ಚಿತ್ರವನ್ನು ಯೂಜೀನ್ ಸ್ಮಿತ್ 1971ರಲ್ಲಿ ತೆಗೆದರು. ಮರುವರ್ಷ ಅದು 'ಲೈಫ್' ಪತ್ರಿಕೆಯಲ್ಲಿ ಬಂತು. ಸೆಟೆದ ಕೈಕಾಲುಗಳನ್ನು ಅವರು ಮರೆಮಾಚಿಲ್ಲ. ಆದರೆ ಕಣ್ಣು ಹೋಗಿ ನಿಲ್ಲುವುದು ತಾಯಿಯ ಮುಖದಲ್ಲಿ. ಆಕೆ ನಮ್ಮನ್ನು ನೋಡುತ್ತಿಲ್ಲ, ನಮ್ಮಿಂದ ಏನನ್ನೂ ಬೇಡುತ್ತಿಲ್ಲ, ಮಗಳನ್ನು ನೋಡುತ್ತಿದ್ದಾಳೆ. ರೋಗವನ್ನು ಮೀರಿ ಅಲ್ಲೊಂದು ಸಂಸಾರ ಇದೆ. ಸ್ಮಿತ್ ಮತ್ತು ಪತ್ನಿ ಐಲೀನ್ ಮೂರು ವರ್ಷ ಆ ಊರಲ್ಲೇ ಬದುಕಿದ್ದರು. ಕಾರ್ಖಾನೆಯ ಕಡೆಯವರಿಂದ ಸ್ಮಿತ್ ಪೆಟ್ಟನ್ನೂ ತಿಂದರು. ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರಿಗೆ ಇಂಥ ಚಿತ್ರ ಸಿಗಲಾರದು.

ಅಷ್ಟಾದರೂ ಕತೆ ಮುಗಿಯಲಿಲ್ಲ. ಹುಡುಗಿ 1977ರಲ್ಲಿ ತೀರಿಕೊಂಡಳು, ಪಟ ಲೋಕ ಸುತ್ತುತ್ತಲೇ ಇತ್ತು. ಮಗಳು ಇನ್ನಾದರೂ ವಿಶ್ರಮಿಸಲಿ ಎಂಬುದು ಹೆತ್ತವರ ಆಸೆ. 1998ರಲ್ಲಿ ಐಲೀನ್ ಆ ಚಿತ್ರದ ಹಕ್ಕನ್ನು ಅವರಿಗೇ ಬಿಟ್ಟುಕೊಟ್ಟರು. 2020ರ ಚಲನಚಿತ್ರದಲ್ಲಿ ಅದು ಮತ್ತೆ ಕಾಣಿಸಿದಾಗ ಪ್ರಶ್ನೆಯೂ ಮತ್ತೆ ಎದ್ದಿತು. ನಮ್ಮಲ್ಲಿ ಪಟ ತೆಗೆದ ಮೇಲೆ ಮನೆಯವರನ್ನು ಮರಳಿ ಕೇಳಿದವರು ಎಷ್ಟು ಮಂದಿ?

ಚಿತ್ರಗಳ ಕೆಲಸ ಆಗಲಿಲ್ಲವೆಂದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಪ್ರತಿಯೊಬ್ಬರಿಗೂ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷ ಕಳೆದು 2022ರಲ್ಲಿ ನೋಡಿದರೆ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ; ಅವರೂ ಮತ್ತೆ ನ್ಯಾಯಾಲಯದ ಮೆಟ್ಟಲು ಹತ್ತಿದವರು. ಈ ಐದು ವರ್ಷಗಳನ್ನು ಪಟ ತೆಗೆಯುವುದು ಹೇಗೆ? ಕಚೇರಿಯ ಬೆಂಚು, ಅರ್ಜಿಯ ಕಟ್ಟು, ಮಗನನ್ನು ಸೊಂಟದಲ್ಲಿ ಹೊತ್ತು ಬಸ್ಸಿಗೆ ಕಾಯುವ ತಾಯಿ, ಪಟ್ಟಿಯಲ್ಲಿ ಹೆಸರು ಸೇರದೆ ಹಿಂತಿರುಗಿದವರು. ಬೆಚ್ಚಿಬೀಳುವಂಥದು ಅದರಲ್ಲಿ ಏನೂ ಇಲ್ಲ. ಅಂಥ ಪಟವನ್ನು ಮುಖಪುಟದಲ್ಲಿ ಕಂಡ ನೆನಪು ನನಗಿಲ್ಲ.